ಬಣವೆ ಬುಡದ ಅಣಬೆ ತಿನ್ನಬಹುದೇ?

ಕಾರಟಗಿಯಿಂದ ಪ್ರಶ್ನೆ: ಮಳೆಯಾದ ಮೇಲೆ ನಮ್ಮ ಹಳೆಯ ಭತ್ತದ ಹುಲ್ಲಿನ ಬಣವೆಯ ಬುಡದಲ್ಲಿ ಬೂದು ಬಣ್ಣದ ಅಣಬೆ ಎದ್ದಿವೆ. ಕೆಲವು ಅರಳಿವೆ, ಕೆಲವು ಇನ್ನೂ ಮೊಟ್ಟೆಯ ಹಾಗಿವೆ. ಬುಡದಲ್ಲಿ ಚೀಲದಂಥ ಪೊರೆ ಇದೆ. ಬೆಳ್ಳುಳ್ಳಿ ಹಾಕಿ ಕುದಿಸಿದಾಗ ಅದು ಕಪ್ಪಾಗದಿದ್ದರೆ ತಿನ್ನಬಹುದು ಎನ್ನುತ್ತಾರೆ ನಮ್ಮ ಅತ್ತೆ. ಬಲ್ಲವರು ಹೇಳಿ.

ಸಿಂಧನೂರಿನಿಂದ: ಅಕ್ಕಾ, ಅತ್ತೆಯವರಿಗೆ ಬೇಸರವಾದರೂ ಸರಿ, ಬೆಳ್ಳುಳ್ಳಿ ಪರೀಕ್ಷೆ ಬಿಟ್ಟುಬಿಡಿ. ಬೆಳ್ಳಿ ಚಮಚ, ಅಕ್ಕಿಯ ಬಣ್ಣ, ಹುಳು ತಿಂದ ಗುರುತು, ಇವು ಯಾವುವೂ ವಿಷವನ್ನು ಹಿಡಿದು ತೋರಿಸುವುದಿಲ್ಲ. ನೀವು ಹೇಳಿದ ಲಕ್ಷಣ ಭತ್ತದ ಹುಲ್ಲಿನ ಅಣಬೆಗೆ ಹೊಂದುತ್ತದೆ. ಅದನ್ನು ಮಾರಾಟಕ್ಕೂ ಬೆಳೆಯುತ್ತಾರೆ. ತೊಡಕೆಂದರೆ, ಬುಡದ ಆ ಚೀಲ ಅಮಾನಿಟಾ ಎಂಬ ಗುಂಪಿನಲ್ಲೂ ಇರುತ್ತದೆ. ಮನುಷ್ಯರನ್ನು ಕೊಲ್ಲುವ ಅಣಬೆಗಳು ಆ ಗುಂಪಿನಲ್ಲಿವೆ.

ಪೂರ್ತಿ ಅರಳಿದ ಒಂದನ್ನು ಚೀಲದ ಸಮೇತ ಅಗೆದು ತೆಗೆಯಿರಿ. ಕಾಂಡ ಕತ್ತರಿಸಿ, ಕೊಡೆಯನ್ನು ಗಾಜಿನ ತುಂಡಿನ ಮೇಲೆ ಕವುಚಿ ಹಾಕಿ, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಗಾಜಿನ ಮೇಲೆ ಪುಡಿ ಬಿದ್ದಿರುತ್ತದೆ. ಗಾಜಿನ ಕೆಳಗೆ ಒಮ್ಮೆ ಬಿಳಿ, ಒಮ್ಮೆ ಕಪ್ಪು ಕಾಗದ ಹಿಡಿದು ನೋಡಿ. ಹುಲ್ಲಿನ ಅಣಬೆಯ ಪುಡಿ ನಸುಗೆಂಪು, ಅದರ ಕಾಂಡಕ್ಕೆ ಬಳೆಯಿರುವುದಿಲ್ಲ. ಪುಡಿ ಬಿಳಿಯಾಗಿದ್ದರೆ ಎಲ್ಲವನ್ನೂ ಹೂತುಹಾಕಿ. ನಸುಗೆಂಪು ಬಂದ ಮಾತ್ರಕ್ಕೆ ಒಲೆ ಹಚ್ಚಬೇಡಿ, ಆ ಬಣ್ಣದ ಪುಡಿಯ ವಿಷದ ಅಣಬೆಗಳೂ ಇವೆ. ಈ ಅಣಬೆಯನ್ನು ಬೆಳೆದು ಬಲ್ಲವರಿಗೆ ಇಡಿಯಾಗಿ ತೋರಿಸಿ. ಮೊಟ್ಟೆಯಂಥವನ್ನಂತೂ ಕೀಳಲೇಬೇಡಿ. ರುಚಿ ಇರುವುದು ಅವುಗಳಲ್ಲೇ, ನಿಜ, ಆದರೆ ಅವು ಪುಡಿ ಉದುರಿಸುವುದಿಲ್ಲ.

ಸಂಡೂರಿನಿಂದ: ನಾವು ತಿನ್ನುವುದು ಹುತ್ತದ ಅಣಬೆ ಮಾತ್ರ. ಕೀಳದೆ ಅಗೆಯುತ್ತೇವೆ. ಬೇರಿನಂಥ ಉದ್ದನೆಯ ಬಾಲ ಗೆದ್ದಲು ಗೂಡಿನವರೆಗೂ ಇಳಿದಿರಬೇಕು, ಕೊಡೆಯ ನಡುವೆ ಚೂಪು ಮೊನೆ ಇರಬೇಕು. ಬಾಲ ಸಿಗದಿದ್ದರೆ ಅಲ್ಲೇ ಬಿಟ್ಟು ಬರುತ್ತೇವೆ. ಹುಲ್ಲಿನ ಅಣಬೆಯ ವಿಷಯ ನನಗೆ ಬೇಡ.

ರಾಯಚೂರಿನಿಂದ: ಉದ್ಯಾನದ ಹುಲ್ಲುಹಾಸಿನಲ್ಲಿ ಏಳುವ ದೊಡ್ಡ ಬಿಳಿ ಕೊಡೆಗಳ ಬಗ್ಗೆಯೂ ಎಚ್ಚರ. ಅವುಗಳಲ್ಲಿ ಹಸಿರು ಪುಡಿ ಉದುರಿಸುವ ಜಾತಿಯೊಂದಿದೆ, ತಿಂದ ಕೆಲವೇ ಗಂಟೆಗಳಲ್ಲಿ ವಾಂತಿಭೇದಿ ಶುರುವಾಗುತ್ತದೆ. ಅಮಾನಿಟಾದ ಮಾರಕ ಜಾತಿಗಳು ಹಾಗಲ್ಲ. ಸಾಮಾನ್ಯವಾಗಿ 6 ಗಂಟೆ ಕಳೆಯುವವರೆಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ವಾಂತಿಭೇದಿ, ನಡುವೆ ಒಂದಿಷ್ಟು ಸುಧಾರಿಸಿದಂತೆ ತೋರಿಕೆ, ಅಷ್ಟರಲ್ಲಿ ಯಕೃತ್ತು ಕೆಡುತ್ತಿರುತ್ತದೆ. ಎಷ್ಟು ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಯಾರಾದರೂ ತಿಂದು ಅನುಮಾನ ಬಂದರೆ ಲಕ್ಷಣಕ್ಕಾಗಿ ಕಾಯಬೇಡಿ, ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡೇ ಆಸ್ಪತ್ರೆಗೆ ಓಡಿ.

ಗಂಗಾವತಿಯಿಂದ: ಜಾತಿಯ ಮಾತು ಆಯಿತು. ಆ ಭತ್ತಕ್ಕೆ ಎಷ್ಟು ಸಲ ಔಷಧ ಹೊಡೆದಿದ್ದಿರಿ? ನಮ್ಮ ಕಾಲುವೆ ಸೀಮೆಯ ಹುಲ್ಲಿನಲ್ಲಿ ಎದ್ದದ್ದನ್ನು, ಗುರುತು ಪಕ್ಕಾ ಆದರೂ, ನಾನು ಮನೆಯೊಳಗೆ ತರುವುದಿಲ್ಲ.