ಕಕ್ಕಡದಲ್ಲಿ (ಕೊಡವರ ಮಳೆಗಾಲದ ತಿಂಗಳು) ಮಡಿಕೇರಿ ಊಟ: ಏನು ಕೇಳಬೇಕು?

ಪ್ರಶ್ನೆ: ಆಗಸ್ಟ್ ಮೊದಲ ವಾರ ಹೋಗ್ತಿದ್ದೇವೆ. ಕೊಡವ ಹೋಟೆಲಲ್ಲಿ ಮಳೆಗಾಲಕ್ಕಷ್ಟೇ ಸಿಗೋದು ಏನು? ಕಣಿಲೆ (ಎಳೆ ಬಿದಿರಿನ ಮೊಳಕೆ) ತಿಂದ್ರೆ ತೊಂದರೆ ಇಲ್ವಾ?

ಉತ್ತರ 1: ಕಣಿಲೆ ಕರಿ, ಮರಗೆಸುವಿನ (ಮರದ ಮೇಲೆ ಬೆಳೆಯೋ ಕೆಸು) ಎಲೆಯ ಪತ್ರೊಡೆ, ಅದೃಷ್ಟ ಇದ್ರೆ ಕಾಡಣಬೆ. ಹಸಿ ಕಣಿಲೆಯಲ್ಲಿ ಸೈನೈಡ್ ಬಿಡುವ ಅಂಶ ಇರುತ್ತೆ. ತೆಳ್ಳಗೆ ಹೆಚ್ಚಿ 2-3 ದಿನ ನೆನೆಹಾಕಿ, ದಿನಾ ನೀರು ಬದಲಿಸಿ, ಬೇಯಿಸಿದ ನೀರನ್ನೂ ಚೆಲ್ಲಬೇಕು. ಕಹಿ ಹೊಡೆದರೆ ಆ ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆ ಅಂತ. ಸಂಕೋಚ ಇಲ್ಲದೆ ವಾಪಸ್ ಕಳಿಸಿ.

ಉತ್ತರ 2: ಆಗಸ್ಟ್ 3ಕ್ಕೆ ಕಕ್ಕಡ 18, ಅಂದ್ರೆ ಆ ತಿಂಗಳ 18ನೇ ದಿನ, ಕೊಡವರು ಮದ್ದುಸೊಪ್ಪು ತಿನ್ನೋ ದಿನ. ಅವತ್ತು ಮದ್ದುಸೊಪ್ಪಿನ ಪಾಯಸ ಬಿಡಬೇಡಿ. ಸೊಪ್ಪು ಕುದಿಸಿದ ನೇರಳೆ ನೀರಲ್ಲೇ ಅಕ್ಕಿ ಬೇಯೋದು, ಆಮೇಲೆ ಬೆಲ್ಲ, ಕಾಯಿಹಾಲು. ಮೂತ್ರ ಕೆಂಪಾದ್ರೆ ಗಾಬರಿ ಬೇಡ, ಅದು ಸೊಪ್ಪಿನ ಬಣ್ಣ.

ಉತ್ತರ 3: ಪತ್ರೊಡೆ ಗಂಟಲು ಕೆರೆದರೆ ಹುಣಸೆಹುಳಿ ಕಮ್ಮಿ, ಇಲ್ಲವೇ ಸರಿಯಾಗಿ ಬೆಂದಿಲ್ಲ.