ಸಹಾಯ ಬೇಕು: ಕೊಳದ ಮೀನುಗಳನ್ನು ಬಕದಿಂದ ಉಳಿಸುವುದು ಹೇಗೆ?

ಹಿತ್ತಲಿನಲ್ಲಿ 10 ಅಡಿ ಉದ್ದ, 6 ಅಡಿ ಅಗಲದ ಕೊಳವಿದೆ. ನಡುವೆ 2 ಅಡಿ ಆಳ, ಅಂಚೆಲ್ಲ ಇಳಿಜಾರು. ಗೋಲ್ಡ್‌ಫಿಶ್ 14 ಇದ್ದವು, ಈಗ ಎಣಿಕೆಗೆ ಸಿಗುವುದು 5.

ಮೊದಲು ಬೆಕ್ಕಿನ ಮೇಲೆ ಅನುಮಾನಪಟ್ಟೆ. ಪಾಪ, ಅದು ನಿರಪರಾಧಿ. ಮೊನ್ನೆ ಬೆಳಕು ಹರಿಯುವ ಹೊತ್ತಿಗೆ ಕಿಟಕಿಯಿಂದ ನೋಡಿದರೆ, ಬೂದು ಬಕವೊಂದು ಇಳಿಜಾರಿನಲ್ಲಿ ಮೊಣಕಾಲುದ್ದ ನೀರಿಗಿಳಿದು ನಿಂತಿತ್ತು. ಬಕಧ್ಯಾನವೆಂದರೆ ಏನೆಂದು ಅಂದು ತಿಳಿಯಿತು. ಹತ್ತು ನಿಮಿಷ ಅಲುಗಲಿಲ್ಲ; ಆಮೇಲೆ ಕತ್ತು ಚಾಚಿದ್ದೂ ಮೀನು ಕೊಕ್ಕಿನಲ್ಲಿದ್ದದ್ದೂ ಒಂದೇ ಕ್ಷಣ.

ಪ್ಲಾಸ್ಟಿಕ್ ಬಕ ತಂದು ನಿಲ್ಲಿಸಿದೆ. ಮೂರನೆಯ ದಿನ ಅಸಲಿಯದು ಅದರ ಪಕ್ಕದಲ್ಲೇ ಬಂದು ನಿಂತಿತ್ತು! ತೆಳು ಬಲೆ ಹಾಸಿದರೆ ಅದು ಜೋತು ನೀರಿಗೆ ತಾಗಿತು, ಬಕ ಮೇಲಿನಿಂದಲೇ ಕುಕ್ಕಿತು. ಸಾಲದ್ದಕ್ಕೆ ನೀರುಹಾವೊಂದು ಅದರಲ್ಲಿ ಸಿಕ್ಕಿಕೊಂಡು, ಕತ್ತರಿಯಿಂದ ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು.

ಈಗ ಚೌಕಟ್ಟು ಕಟ್ಟಿ ನೀರಿನಿಂದ ಒಂದು ಅಡಿ ಮೇಲೆ ಗಟ್ಟಿ ಬಲೆ ಬಿಗಿಯುವ ಯೋಚನೆಯಿದೆ. ಕಪ್ಪೆ, ಹಾವು ಸಿಕ್ಕಿಕೊಳ್ಳದಂತೆ ಕಣ್ಣು ಎಷ್ಟು ಅಗಲವಿರಬೇಕು? ಅಂಚನ್ನು ನೇರವಾಗಿ ಕಡಿದು 3 ಅಡಿ ಆಳ ಮಾಡಿದರೆ ಬಲೆಯೇ ಬೇಡವೇ? ಅಡಗಲು ತಳದಲ್ಲಿ ಹಾಕಿದ ಕೊಳವೆಗಳೊಳಗೆ ನಿಮ್ಮ ಮೀನುಗಳು ನಿಜಕ್ಕೂ ಹೋಗುತ್ತವೆಯೇ? ಹಕ್ಕಿಗೆ ನೋವಾಗುವ ಉಪಾಯ ಬೇಡ. ಸ್ವತಃ ಮಾಡಿ ನೋಡಿದವರು ತಿಳಿಸಿ. ಉಳಿದ ಐದೂ ಸದ್ಯಕ್ಕೆ ತೊಟ್ಟಿಯಲ್ಲಿವೆ.