ಮಳೆಗಾಲದ ಓದಿಗೆ ಪುಸ್ತಕ ಆರಿಸಲು ಸಹಾಯ ಬೇಕು

ನಮಸ್ಕಾರ. ಮಡಿಕೇರಿ ಸಮೀಪದ ನಮ್ಮ ಊರಿನಲ್ಲಿ ಮಳೆ ಹಿಡಿದು ತೋಟದ ಕೆಲಸ ನಿಂತಾಗ ನಾನೂ ಅತ್ತೆಯವರೂ ಒಂದೇ ಪುಸ್ತಕವನ್ನು ಸರದಿಯಂತೆ ಗಟ್ಟಿಯಾಗಿ ಓದುತ್ತೇವೆ. ಈವರೆಗೆ ಓದಿದ್ದೆಲ್ಲ ಕಾದಂಬರಿಗಳೇ. ಬದಲಾವಣೆ ಇರಲೆಂದು ಕಳೆದ ವರ್ಷ ಗ್ರಂಥಾಲಯದಿಂದ ಎರಡು ಇತಿಹಾಸ ಗ್ರಂಥಗಳನ್ನು ತಂದೆವಾದರೂ, ಇಸವಿಗಳ ಭಾರದಿಂದಾಗಿ 30 ಪುಟ ದಾಟಲಾಗಲಿಲ್ಲ. ಆದರೆ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಆಚರಣೆಗಳನ್ನು ಸಂಗ್ರಹಿಸಿ 1924ರಲ್ಲಿ ಹೊರತಂದ ‘ಪಟ್ಟೋಲೆ ಪಳಮೆ’ಯನ್ನು ಅತ್ತೆಯವರು ಊಟ ಮರೆತು ಕೇಳಿದರು, ಅದೂ ಕಟ್ಟುಕಥೆಯಲ್ಲವಲ್ಲ! ಹಾಗಾಗಿ ತೊಡಕಿರುವುದು ಕಥೆಯಲ್ಲದ ಬರಹದಲ್ಲಲ್ಲ, ನಮ್ಮ ಆಯ್ಕೆಯಲ್ಲಿ ಎಂದು ನನಗೆ ಅನ್ನಿಸುತ್ತಿದೆ. ಮುನ್ನುಡಿ, ಪರಿವಿಡಿಗಳನ್ನು ನೋಡಿ ಆರಿಸಿದರೂ ಅಂದಾಜು ತಪ್ಪುತ್ತಿದೆ. ಪ್ರವಾಸ, ಆತ್ಮಕಥೆ, ಪರಿಸರ ಈ ಮೂರರಲ್ಲಿ ಗಟ್ಟಿಯಾಗಿ ಓದಿದಾಗಲೂ ಹಿಡಿದಿಡುವ ಒಂದೊಂದು ಕನ್ನಡ ಪುಸ್ತಕವನ್ನು, ಅದನ್ನು ಆರಿಸಿದ ಕಾರಣದೊಂದಿಗೆ, ದಯವಿಟ್ಟು ಸೂಚಿಸುವಿರಾ?